ಗ್ರಾಮೀಣ ಅಂಚೆ ಬಟವಾಡೆ: ಸಿಬ್ಬಂದಿಯ ಮತ್ತು ಗ್ರಾಮಸ್ಥರ ಸುರಕ್ಷತೆ

ಹಳ್ಳಿಯ ಅಂಚೆ ಬಟವಾಡೆಯ ಸುರಕ್ಷತೆಯಲ್ಲಿ ಇಬ್ಬರ ಹಿತ ಅಡಗಿದೆ. ಉಪ ಅಂಚೆ ಕಚೇರಿಯಿಂದ ಬಂದ ಚೀಲ ಬಿಚ್ಚಿ ಕಾಗದಗಳನ್ನು ಮನೆಮನೆಗೆ ಒಯ್ಯುವ ಸಿಬ್ಬಂದಿ ಒಬ್ಬರು. ಕಾಗದ, ಪಾರ್ಸೆಲ್, ಪಿಂಚಣಿ, ಉಳಿತಾಯದ ಹಣಕ್ಕೆ ಅವರನ್ನೇ ನಂಬಿರುವ ಗ್ರಾಮಸ್ಥರು ಇನ್ನೊಬ್ಬರು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. ಈಗ ಅವುಗಳ ಸಂಖ್ಯೆ 1.64 ಲಕ್ಷ ದಾಟಿದೆ. ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲಿವೆ. ಇವುಗಳಲ್ಲಿ ಬಹುಪಾಲು ಶಾಖಾ ಅಂಚೆ ಕಚೇರಿಗಳು. ಅವನ್ನು ನಡೆಸುವವರು ಇಲಾಖೆಯ ಕಾಯಂ ನೌಕರರಲ್ಲದ ಗ್ರಾಮೀಣ ಅಂಚೆ ಸೇವಕರು: ಶಾಖಾ ಪೋಸ್ಟ್ ಮಾಸ್ಟರ್, ಸಹಾಯಕ ಶಾಖಾ ಪೋಸ್ಟ್ ಮಾಸ್ಟರ್, ಡಾಕ್ ಸೇವಕ್. ಒಟ್ಟು ಸುಮಾರು ಎರಡೂವರೆ ಲಕ್ಷ ಜನ. ಹಳೆಯ ತಲೆಮಾರಿನವರು ಈಗಲೂ ಇವರನ್ನು, ಇಲಾಖೆಯ ಹೊರಗಿನವರು (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಎಂಬ ಅರ್ಥದಲ್ಲಿ, ‘ಇ.ಡಿ. ಪೋಸ್ಟ್‌ಮ್ಯಾನ್’ ಎಂದೇ ಕರೆಯುತ್ತಾರೆ. ಈ ವ್ಯವಸ್ಥೆಯ ಸುರಕ್ಷತೆಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಚೀಲದ ಹೊಣೆಯನ್ನು ಇಲಾಖೆ ತಾನು ಹೊತ್ತುಕೊಂಡಿತು, ದಾರಿಯ ಹೊಣೆಯನ್ನು ಚೀಲ ಹೊತ್ತವನಿಗೇ ಬಿಟ್ಟಿತು. ಸಿಬ್ಬಂದಿಗೆ ಬರುವ ಅಪಾಯಗಳೂ ಗ್ರಾಮಸ್ಥರಿಗೆ ಆಗುವ ನಷ್ಟಗಳೂ ಹೆಚ್ಚಾಗಿ ಈ ಹಂಚಿಕೆಯಿಂದಲೇ ಹುಟ್ಟುತ್ತವೆ. ಶಾಖಾ ಕಚೇರಿಯ ಬಾಗಿಲಿನಿಂದ ಕೊನೆಯ ಮನೆಯವರೆಗಿನ ದಾರಿಯೂ ಕೆಲಸದ ಜಾಗವೇ ಎಂದು ಇಲಾಖೆ ಒಪ್ಪಿ ಬರೆದಿಡುವವರೆಗೆ ಉಳಿದ ಸುಧಾರಣೆಗಳು ಅರ್ಧಕ್ಕೇ ನಿಲ್ಲುತ್ತವೆ ಎಂಬುದು ಈ ಲೇಖನದ ವಾದ.

ಚೀಲದ ಮೇಲಿನ ಕಾಳಜಿ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಗುವವರೆಗೂ ಓಟಗಾರರ ಕಾಲಬಲದ ಮೇಲೆ ನಡೆಯಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ಹರಕಾರರು ಒಂದು ತಂಗುದಾಣದಿಂದ ಮುಂದಿನದಕ್ಕೆ ಚೀಲ ಹೊತ್ತು ಓಡುತ್ತಿದ್ದರು. ಅವರ ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ ಇರುತ್ತಿತ್ತು. ಹುಲಿಯ ಭಯವಿದ್ದ ಕಾಡುಗಳಲ್ಲಿ ಅವರ ಜೊತೆಗೆ ಪಂಜು ಹಿಡಿಯುವವರನ್ನೂ ಡೋಲು ಬಡಿಯುವವರನ್ನೂ ಕಳಿಸುವ ಪದ್ಧತಿ ಇತ್ತು. ಕಂಪನಿ ಇದನ್ನೆಲ್ಲ ಕರುಣೆಯಿಂದ ಮಾಡಿತು ಎನ್ನಲು ಆಧಾರ ಸಾಲದು. ಓಟಗಾರ ಹುಲಿಯ ಪಾಲಾದರೆ ಟಪಾಲು ನಿಲ್ಲುತ್ತದೆ, ಟಪಾಲು ನಿಂತರೆ ಕಂದಾಯದ ಲೆಕ್ಕವೂ ಸೇನೆಯ ಸುದ್ದಿಯೂ ನಿಲ್ಲುತ್ತವೆ. ಲೆಕ್ಕಾಚಾರ ಒರಟಾದರೂ ಅದರಲ್ಲೊಂದು ತಿಳಿವಳಿಕೆ ಇತ್ತು. ಒಯ್ಯುವವನು ಉಳಿಯದೆ ಒಯ್ಯುವ ಪದಾರ್ಥ ಉಳಿಯದು, ದಾರಿಯ ಅಪಾಯಕ್ಕೆ ತಕ್ಕಂತೆ ಜೊತೆಗೆ ಜನ ಬೇಕು ಎಂಬುದನ್ನು ಆ ವ್ಯವಸ್ಥೆ ಖರ್ಚಿನ ಬಾಬಾಗಿಯೇ ಒಪ್ಪಿಕೊಂಡಿತ್ತು. ಇವತ್ತು ಸಕಲೇಶಪುರದ ಕಡೆಯ ಕಾಫಿ ತೋಟದ ನಡುವೆ ಒಂಟಿಯಾಗಿ ಹೋಗುವ ಸಹಾಯಕ ಪೋಸ್ಟ್ ಮಾಸ್ಟರಿಗೆ ಪಂಜಿನವನೂ ಇಲ್ಲ, ಡೋಲಿನವನೂ ಇಲ್ಲ.

ಕಾನೂನು ಬೆಳೆದ ರೀತಿಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. 1854ರಲ್ಲಿ ದೇಶಕ್ಕೆಲ್ಲ ಒಂದೇ ದರದ ಅಂಚೆ ಚೀಟಿ ಬಂತು. ಮುಂದೆ ಒಂದೂಕಾಲು ಶತಮಾನ ಜಾರಿಯಲ್ಲಿದ್ದದ್ದು 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ. ಅದರ 52ನೇ ಕಲಂ ಪ್ರಕಾರ ಟಪಾಲನ್ನು ಕದ್ದ, ಬಚ್ಚಿಟ್ಟ, ನಾಶಮಾಡಿದ ಅಂಚೆ ನೌಕರನಿಗೆ ಏಳು ವರ್ಷದವರೆಗೆ ಸೆರೆವಾಸ. ಚೀಲ ಒಯ್ಯುವಾಗ ಕುಡಿದಿದ್ದರೆ, ಅಜಾಗರೂಕತೆ ತೋರಿದರೆ, ದಾರಿಯಲ್ಲಿ ಸುಮ್ಮನೆ ಕಾಲ ಕಳೆದರೆ 49ನೇ ಕಲಂ ಪ್ರಕಾರ ದಂಡ. ಟಪಾಲು ಕಳೆದುಹೋದರೆ, ತಡವಾದರೆ, ಹಾಳಾದರೆ ಸರ್ಕಾರ ಹೊಣೆಯಲ್ಲ ಎಂದು 6ನೇ ಕಲಂ ಸಾರಿತ್ತು. ಒಯ್ಯುವವನ ಮೈಗೆ ಬರುವ ಕೇಡಿನ ನೆನಪು ಅಲ್ಲಿ ಬರುವುದು ಮುಖ್ಯವಾಗಿ 19ನೇ ಕಲಮಿನಲ್ಲಿ: ಸ್ಫೋಟಕ, ಅಪಾಯಕಾರಿ ಅಥವಾ ಕೊಳಕು ಪದಾರ್ಥ, ಸರಿಯಾಗಿ ಮುಚ್ಚದ ಹರಿತವಾದ ಸಲಕರಣೆ, ನೌಕರರನ್ನು ಗಾಯಗೊಳಿಸಬಹುದಾದ ಜೀವಿ ಇವನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲ. ಒಳ್ಳೆಯ ನಿಯಮವೇ. 2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಬೆರೆಸಿದ ಲಕೋಟೆಗಳಿಂದ ಸತ್ತ ಐವರಲ್ಲಿ ಇಬ್ಬರು ಅಂಚೆ ನೌಕರರೇ ಆಗಿದ್ದರು ಎಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಇಲ್ಲಿಯೂ ಕಾನೂನಿನ ಕಣ್ಣು ಚೀಲದ ಒಳಗಿತ್ತು. ಚೀಲದ ಹೊರಗಿನ ಹಳ್ಳ, ನಾಯಿ, ಬಿಸಿಲು ಅದಕ್ಕೆ ಕಾಣಲಿಲ್ಲ. 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆ ಈ ಹಳೆಯ ಅಪರಾಧಗಳ ಪಟ್ಟಿಯನ್ನು ಬಹುಮಟ್ಟಿಗೆ ಕೈಬಿಟ್ಟು ಚಿಕ್ಕದಾಗಿದೆ. ಬಟವಾಡೆಯ ದಾರಿಯ ಬಗ್ಗೆ ಹೊಸದಾಗಿ ಏನನ್ನೂ ಸೇರಿಸಿಲ್ಲ.

ವಿಚಿತ್ರವೆಂದರೆ ಅಂಚೆಯವರ ಹೊರಗಿನ ಕೆಲಸದಲ್ಲಿ ಅಪಾಯವಿದೆ ಎಂಬ ಮಾತನ್ನು ಬೇರೊಂದು ಕಾನೂನು ಬಹಳ ಹಿಂದೆಯೇ ಒಪ್ಪಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಅಂಚೆ ಮತ್ತು ತಂತಿ ಇಲಾಖೆಯ ಹೊರಾಂಗಣ ಕೆಲಸವೂ ಸೇರಿತ್ತು. ಆದರೆ ಪರಿಹಾರ ಬರುವುದು ಕೇಡು ಆದ ಮೇಲೆ. ಕೇಡು ಆಗದಂತೆ ತಡೆಯುವ ಕಾನೂನಿನ ವಿಷಯಕ್ಕೆ ಬಂದರೆ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವುದಿಲ್ಲ. ಇದರ ಮೇಲೆ ಗ್ರಾಮೀಣ ಸೇವಕರ ಸ್ಥಾನಮಾನದ ಗೊಂದಲ ಬೇರೆ. ಹೊಲ, ಅಂಗಡಿ ಇಂಥ ಬೇರೆ ಜೀವನೋಪಾಯ ಉಳ್ಳವರು ಬಿಡುವಿನ ವೇಳೆಯಲ್ಲಿ ಅಂಚೆಯನ್ನೂ ನೋಡಿಕೊಳ್ಳುತ್ತಾರೆ ಎಂಬ ಕಲ್ಪನೆಯ ಮೇಲೆ ನಿಂತ ವ್ಯವಸ್ಥೆ ಇದು. ಇವರು ಹೊಂದಿರುವುದು ಸರ್ಕಾರದ ಅಡಿಯ ನಾಗರಿಕ ಹುದ್ದೆಯೇ ಎಂದು ಸುಪ್ರೀಂ ಕೋರ್ಟು 1977ರ ರಾಜಮ್ಮ ಪ್ರಕರಣದಲ್ಲಿ ಹೇಳಿದರೂ ಅವರು ಕಾಯಂ ನೌಕರರ ಸಾಲಿಗೆ ಸೇರಲಿಲ್ಲ. ಇವರ ಭತ್ಯೆ ಮತ್ತು ಸೇವಾ ಷರತ್ತುಗಳ ಬಗ್ಗೆ ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟಿತು. 2018ರ ಮೇ ತಿಂಗಳಲ್ಲಿ ಶುರುವಾದ ದೇಶವ್ಯಾಪಿ ಮುಷ್ಕರ ಎರಡು ವಾರ ದಾಟಿದ ಮೇಲೆ ಸಂಪುಟ ವರದಿಯ ಜಾರಿಗೆ ಒಪ್ಪಿತು. ಅಂದಿನಿಂದ ಶಾಖಾ ಪೋಸ್ಟ್ ಮಾಸ್ಟರರ ಮೂಲ ಭತ್ಯೆ ನಾಲ್ಕು ಗಂಟೆಯ ಕೆಲಸಕ್ಕೆ 12,000 ರೂಪಾಯಿ, ಐದು ಗಂಟೆಗೆ 14,500. ಸಹಾಯಕರಿಗೆ ಕ್ರಮವಾಗಿ 10,000 ಮತ್ತು 12,000. ಅದೇ ತೀರ್ಮಾನದಲ್ಲಿ ಸೈಕಲ್ ನಿರ್ವಹಣೆ, ನಗದು ಸಾಗಣೆ, ದೋಣಿ ಭತ್ಯೆಗಳ ಪರಿಷ್ಕರಣೆಯೂ ಇತ್ತು. ಅಪಾಯ ಮತ್ತು ಕಷ್ಟದ ಪ್ರದೇಶಗಳಲ್ಲಿ ದುಡಿಯುವವರಿಗೆ ಒಂದು ಹೊಸ ಭತ್ಯೆಯೂ ಸೇರಿತು. ದಾರಿಯಲ್ಲಿ ಅಪಾಯವಿದೆ ಎಂದು ಇಲಾಖೆಗೆ ಗೊತ್ತಿಲ್ಲದೆ ಇಲ್ಲ ಎಂಬುದಕ್ಕೆ ಈ ಭತ್ಯೆಗಳೇ ಸಾಕ್ಷಿ. ಗೊತ್ತಿರುವ ಅಪಾಯಕ್ಕೆ ಅದು ಕಂಡುಕೊಂಡ ಮದ್ದು ಒಂದಿಷ್ಟು ಹಣ ಕೊಡುವುದು. ದೋಣಿಯ ಬಾಡಿಗೆ ಕೊಟ್ಟ ಮಾತ್ರಕ್ಕೆ ಹೊಳೆ ಇಳಿಯುವುದಿಲ್ಲ.

ಹೊಳೆಯ ಮಾತನ್ನೇ ಮುಂದುವರಿಸೋಣ. ಮಲೆನಾಡು ಮತ್ತು ಕರಾವಳಿಯ ಬೀಟುಗಳಲ್ಲಿ, ಅಂದರೆ ಬಟವಾಡೆಯ ಸುತ್ತುಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯೆಂದರೆ ಗದ್ದೆಯ ಬದು, ಪಾಚಿ ಕಟ್ಟಿದ ತೋಟದ ಕಾಲುಹಾದಿ ಮತ್ತು ಅಡಿಕೆ ಮರದ ಕಾಲುಸಂಕ. ಇಂಥ ಸಂಕಗಳ ಮೇಲೆ ಶಾಲೆಗೆ ಹೋಗುವ ಮಕ್ಕಳ ಸುರಕ್ಷತೆಗಾಗಿ ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಯೋಜನೆಯಡಿ ಕಿರುಸೇತುವೆಗಳನ್ನು ಕಟ್ಟಿಸಿದೆ. ಎಲ್ಲಿ ಸೇತುವೆ ಬೇಕು ಎಂದು ಗುರುತಿಸಲು ಶಾಲೆಯ ದಾರಿಯನ್ನು ಅಳತೆಗೋಲು ಮಾಡಿಕೊಂಡಂತೆ ಅಂಚೆಯ ದಾರಿಯನ್ನೂ ಮಾಡಿಕೊಳ್ಳಬಹುದು. ಎರಡೂ ಬಹುಪಾಲು ಒಂದೇ ಮನೆಗಳನ್ನು ಮುಟ್ಟುತ್ತವೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಅಪಾಯದ ಸ್ವರೂಪವೇ ಬೇರೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ ಕೃಷ್ಣೆಯ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿ ನೀರು ಏರುವ ಸುದ್ದಿ ತಾಲ್ಲೂಕು ಆಡಳಿತಕ್ಕೆ ಮೊದಲೇ ತಿಳಿದಿರುತ್ತದೆ, ಹಾಗಾಗಿ ಅಂಚೆಗೂ ತಿಳಿಸುವುದು ಕಷ್ಟವಲ್ಲ. ಮಲೆನಾಡಿನ ಹಳ್ಳಕ್ಕೆ ಅಂಥ ಮುನ್ಸೂಚನೆ ಇಲ್ಲ. ಮೇಲೆಲ್ಲೋ ಸುರಿದ ಮಳೆ ಅರ್ಧ ಗಂಟೆಯಲ್ಲಿ ಸಂಕದ ಮೇಲೆ ಹರಿಯುತ್ತದೆ. ಇಂಥ ಕಡೆ ಸರಳವಾದೊಂದು ನಿಯಮ ಸಾಕು: ನೀರು ಸಂಕ ಮುಟ್ಟಿದರೆ ಆ ದಿನದ ಬಟವಾಡೆ ಆ ದಡದಲ್ಲೇ ನಿಲ್ಲಬೇಕು, ಹಾಗೆ ನಿಂತದ್ದಕ್ಕೆ ಸಿಬ್ಬಂದಿಯಿಂದ ವಿವರಣೆ ಕೇಳಬಾರದು. ಕೊನೆಯ ಮಾತೇ ಮುಖ್ಯ. ವಿವರಣೆ ಕೊಡಬೇಕಾಗುತ್ತದೆ ಎಂಬ ಅಂಜಿಕೆಯೇ ಮನುಷ್ಯನನ್ನು ಸಂಕದ ಮೇಲೆ ಕಾಲಿಡಿಸುತ್ತದೆ.

ಬಿಸಿಲಿನ ಪ್ರಶ್ನೆ ಇದಕ್ಕಿಂತ ಸುಲಭವಾಗಿ ಬಗೆಹರಿಯಬೇಕಿತ್ತು. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ತನ್ನ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತದೆ. ಅಂಚೆ ಕೇಂದ್ರದ ಇಲಾಖೆಯಾದ್ದರಿಂದ ಈ ಆದೇಶ ಅದನ್ನು ಮುಟ್ಟುವುದಿಲ್ಲ. ಫ್ಯಾನಿನ ಕೆಳಗೆ ಕೂರುವ ಗುಮಾಸ್ತ ಮನೆ ಸೇರುವ ಹೊತ್ತಿಗೆ ಪೋಸ್ಟ್‌ಮ್ಯಾನ್ ಇನ್ನೂ ಡಾಂಬರಿನ ಮೇಲಿರುತ್ತಾನೆ. ಇದಕ್ಕೆ ಸೋಮಾರಿತನವಾಗಲಿ ಹಟವಾಗಲಿ ಕಾರಣವಲ್ಲ. ಶಾಖಾ ಕಚೇರಿಯ ದಿನ ಶುರುವಾಗುವುದು ಉಪ ಕಚೇರಿಯಿಂದ ಬರುವ ಚೀಲದಿಂದ. ಚೀಲ ಬರುವುದು ಬಸ್ಸಿನ ವೇಳೆಗೆ ಅಥವಾ ಚೀಲ ತರುವವರ ವೇಳೆಗೆ. ಚೀಲ ಬಂದು, ಬಿಚ್ಚಿ, ಲೆಕ್ಕ ಬರೆದು, ವಿಂಗಡಿಸಿ ಹೊರಡುವಾಗ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಆದ್ದರಿಂದ ‘ಬಿಸಿಲಲ್ಲಿ ಹೋಗಬೇಡಿ’ ಎಂಬ ಸುತ್ತೋಲೆಯಿಂದ ಏನೂ ಆಗದು. ಬೇಸಿಗೆಯಲ್ಲಿ ಹಿಂದಿನ ಮಧ್ಯಾಹ್ನ ಬಂದ ಚೀಲವನ್ನು ಮರುದಿನ ಬೆಳಗಿನ ತಂಪಿನಲ್ಲಿ ಹಂಚುವ ಹಾಗೆ ಇಡೀ ಸರಪಳಿಯ ವೇಳೆಯನ್ನೇ ಹಿಂದಕ್ಕೆ ಸರಿಸಬೇಕು. ಕಾಗದ ಅರ್ಧ ದಿನ ತಡವಾಗುತ್ತದೆ ಎಂಬ ಆಕ್ಷೇಪ ಬರಬಹುದು. ಸ್ಪೀಡ್ ಪೋಸ್ಟನ್ನು ಬೇರೆ ಮಾಡಿ ಅಂದೇ ಕೊಡಬಹುದು. ಮಾಮೂಲಿ ಟಪಾಲಿಗೆ ಅರ್ಧ ದಿನದ ತಡ ಯಾರ ಬದುಕನ್ನೂ ಕೆಡಿಸದು.

ಪ್ರಾಣಿಗಳಲ್ಲಿ ಹುಲಿಯ ಜಾಗಕ್ಕೆ ಈಗ ಬಂದಿರುವುದು ನಾಯಿ. ಅಮೆರಿಕದ ಅಂಚೆ ಸೇವೆ ತನ್ನ ನೌಕರರ ಮೇಲಾಗುವ ನಾಯಿ ದಾಳಿಗಳನ್ನು ಪ್ರತಿ ವರ್ಷ ಎಣಿಸಿ, ಊರು ಮತ್ತು ರಾಜ್ಯಗಳ ಪಟ್ಟಿ ಮಾಡಿ ಪ್ರಕಟಿಸುತ್ತದೆ. 2024ರಲ್ಲಿ ಆ ಸಂಖ್ಯೆ ಆರು ಸಾವಿರ ದಾಟಿತ್ತು. ಎಣಿಸುವುದರಿಂದ ನಾಯಿ ಕಚ್ಚುವುದು ನಿಲ್ಲದು, ಆದರೆ ಯಾವ ಬೀದಿಗೆ ಎಚ್ಚರಿಕೆ ಬೇಕು ಎಂದು ತಿಳಿಯುತ್ತದೆ. ಭಾರತದಲ್ಲಿ ನಾಯಿ ಕಡಿತದ ಹಿಂದೆ ರೇಬೀಸ್ ನಿಂತಿರುವುದರಿಂದ ಈ ಲೆಕ್ಕ ಇಲ್ಲಿ ಇನ್ನೂ ಅಗತ್ಯ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ದಿನ, 3, 7 ಮತ್ತು 28ನೇ ದಿನಗಳಲ್ಲಿ ಚುಚ್ಚುಮದ್ದು. ನಾಲ್ಕು ಸಲ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಲು ಗ್ರಾಮೀಣ ಸೇವಕ ತನ್ನ ಬದಲಿಗೆ ಒಬ್ಬರನ್ನು ಹೊಂದಿಸಿಕೊಳ್ಳಬೇಕು. ಕಡಿತಕ್ಕೆ ಮುಂಚೆಯೇ ಕೊಡುವ ಲಸಿಕೆಯ ಕ್ರಮ ಪಶುವೈದ್ಯರಿಗೂ ನಾಯಿ ಹಿಡಿಯುವವರಿಗೂ ಇದೆ. ದಿನಕ್ಕೆ ಹತ್ತಾರು ಅಂಗಳ ಹತ್ತಿ ಇಳಿಯುವ ಅಂಚೆಯವರನ್ನೂ ಆ ಸಾಲಿಗೆ ಸೇರಿಸುವುದು ನ್ಯಾಯ. ತೋಟದ ಮನೆಗೆ ನಾಯಿ ಬೇಕೇ ಬೇಕು, ಕಳ್ಳರಿಗೂ ಹಂದಿಗೂ ಅದೊಂದೇ ಕಾವಲು ಎಂದು ಮನೆಯವರು ಹೇಳಿದರೆ ಅದೂ ನಿಜವೇ. ನಾಯಿ ಇರಲಿ, ಬಟವಾಡೆಯ ಹೊತ್ತಿನಲ್ಲಿ ಕಟ್ಟಿರಲಿ ಎಂಬುದಷ್ಟೇ ಬೇಡಿಕೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರದವರೆಗೆ ದಂಡ ಬೀಳಬಹುದು. ಆದರೆ ಊರಲ್ಲಿ ಬಾಳಬೇಕಾದ ಪೋಸ್ಟ್‌ಮ್ಯಾನ್ ನೆರೆಯವನ ಮೇಲೆ ದೂರು ಕೊಡಲಾರ. ಹಾಗಾಗಿ ನಾಯಿ ಕಟ್ಟದ ಮನೆಗೆ ಬಟವಾಡೆ ನಿಲ್ಲಿಸುವ ಅಧಿಕಾರ ಅವನ ಮೇಲಧಿಕಾರಿಯ ಹೆಸರಿನಲ್ಲಿ ಇರಬೇಕು.

ಹಾವು, ಉಣ್ಣೆ, ಆನೆ ಇವುಗಳದ್ದು ಪ್ರದೇಶಕ್ಕೆ ಸೀಮಿತವಾದ ಅಪಾಯ. ದೇಶದಲ್ಲಿ 2000ದಿಂದ 2019ರ ನಡುವೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಸಾವುಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲಿ, ಅರ್ಧದಷ್ಟು ಮಳೆಗಾಲದಲ್ಲಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನ ಹಾದಿಯಲ್ಲಿ ಉಣ್ಣೆಗಳಿಂದ ಹರಡುತ್ತದೆ. ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಮನೆಮನೆಗೆ ಹಂಚುವ ಡೀಪಾ ತೈಲ ಆ ಮನೆಗಳಿಗೆ ಕಾಗದ ತರುವವನಿಗೂ ಸಿಗಬೇಕು. ಆನೆಯ ವಿಷಯದಲ್ಲಿ ಕರ್ನಾಟಕವೇ ದೇಶಕ್ಕೆ ಮುಂದು: 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿದ್ದವು. ತಮಿಳುನಾಡಿನ ವಾಲ್ಪಾರೈ ತೋಟಗಳಲ್ಲಿ ಆನೆ ಎಲ್ಲಿದೆ ಎಂದು ಮೊಬೈಲ್ ಸಂದೇಶದಿಂದಲೂ ದೂರಕ್ಕೆ ಕಾಣುವ ಕೆಂಪು ದೀಪದಿಂದಲೂ ತಿಳಿಸುವ ಏರ್ಪಾಡು ಜೀವಗಳನ್ನು ಉಳಿಸಿತು. ಹಾಸನದ ಕಡೆಗೂ ಅದು ಬಂದಿದೆ. ಕಾಫಿ ತೋಟದ ಮಾಲೀಕರಿಗೂ ಲೈನ್ ಮನೆಯವರಿಗೂ ಹೋಗುವ ಆ ಸಂದೇಶ ಉಪ ಅಂಚೆ ಕಚೇರಿಗೆ ಹೋಗಲು ಹೊಸ ಯಂತ್ರ ಬೇಡ. ಪಟ್ಟಿಯಲ್ಲಿ ಒಂದು ಫೋನ್ ನಂಬರ್ ಸೇರಿಸಿದರೆ ಆಯಿತು.

ಇಲ್ಲಿ ಒಂದು ಜನಪ್ರಿಯ ಮನೋಭಾವವನ್ನು ಎದುರಿಸಬೇಕಾಗುತ್ತದೆ. ನೀಲಗಿರಿಯ ಕೂನೂರಿನ ಬಳಿ ಕಾಡಿನಲ್ಲಿ ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದು, ಆನೆ, ಕರಡಿಗಳನ್ನು ತಪ್ಪಿಸಿಕೊಂಡು ಕಾಗದ ಹಂಚುತ್ತಿದ್ದ ಪೋಸ್ಟ್‌ಮ್ಯಾನ್ ಒಬ್ಬರು 2020ರಲ್ಲಿ ನಿವೃತ್ತರಾದಾಗ ದೇಶವೆಲ್ಲ ಹೊಗಳಿತು. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ 14,567 ಅಡಿ ಎತ್ತರದಲ್ಲಿರುವ ಹಿಕ್ಕಿಂ ಅಂಚೆ ಕಚೇರಿ ಪ್ರವಾಸಿಗರ ತಾಣವೇ ಆಗಿದೆ. ಆರ್.ಕೆ. ನಾರಾಯಣ್ ಅವರ ‘ಮಾಲ್ಗುಡಿ ಡೇಸ್’ನ ತಾನಪ್ಪನನ್ನು ಶಂಕರ್ ನಾಗ್ ಕಿರುತೆರೆಗೆ ತಂದ ಮೇಲೆ ಊರಿನ ಪೋಸ್ಟ್‌ಮ್ಯಾನ್ ಎಲ್ಲರ ಮನೆಯವನಾದ. ಆ ಪ್ರೀತಿ ಸುಳ್ಳಲ್ಲ. ಆದರೆ ಸಾಹಸದ ಹೊಗಳಿಕೆ ಇಲಾಖೆಗೆ ಬಹಳ ಅಗ್ಗವಾಗಿ ಬೀಳುತ್ತದೆ. ಮೂವತ್ತು ವರ್ಷ ಆನೆಯಿಂದ ತಪ್ಪಿಸಿಕೊಂಡದ್ದು ಆ ವ್ಯಕ್ತಿಯ ಹಿರಿಮೆ. ಮೂವತ್ತು ವರ್ಷ ಒಬ್ಬನನ್ನೇ ಆ ದಾರಿಗೆ ಬಿಟ್ಟದ್ದು ಆಡಳಿತದ ಸೋಲು. ಎರಡನೆಯದನ್ನು ಹೇಳದೆ ಮೊದಲನೆಯದನ್ನು ಮಾತ್ರ ಸಂಭ್ರಮಿಸಿದರೆ, ಅಪಾಯಕ್ಕೆ ಒಲ್ಲೆ ಎಂದವನು ಹೇಡಿಯಂತೆ ಕಾಣತೊಡಗುತ್ತಾನೆ.

ಹಿಂದಿನ ಕಾಲದ ಸುರಕ್ಷತೆ ಬಹುಪಾಲು ಪರಿಚಯದ ಮೇಲೆ ನಿಂತಿತ್ತು. ಅದೇ ಊರಿನವನಾದ ಪೋಸ್ಟ್‌ಮ್ಯಾನ್‌ಗೆ ಯಾವ ಮನೆಯ ನಾಯಿ ಹಿಂದಿನಿಂದ ಬರುತ್ತದೆ, ಯಾವ ಹಳ್ಳ ಮೊದಲು ತುಂಬುತ್ತದೆ, ಯಾರ ಮನೆಗೆ ಸಂಜೆ ಹೋಗಬಾರದು ಎಂಬುದು ಬಾಯಿಪಾಠ. ಈಗ ಆಯ್ಕೆ ಹತ್ತನೆಯ ತರಗತಿಯ ಅಂಕಗಳ ಮೇಲೆ, ಆನ್‌ಲೈನ್ ಅರ್ಜಿಯ ಮೂಲಕ ನಡೆಯುತ್ತದೆ. ಶಿಫಾರಸು, ಲಂಚಗಳಿಗೆ ಅವಕಾಶ ಕಡಿಮೆಯಾದದ್ದೂ, ಯುವತಿಯರು ದೊಡ್ಡ ಸಂಖ್ಯೆಯಲ್ಲಿ ಈ ಕೆಲಸಕ್ಕೆ ಬಂದದ್ದೂ ಇದರ ಒಳ್ಳೆಯ ಫಲ. ಆದರೆ ಬೇರೆ ಜಿಲ್ಲೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ನಿಂತ ಇಪ್ಪತ್ತರ ಹುಡುಗಿಗೆ ಆ ಬಾಯಿಪಾಠ ಇಲ್ಲ, ಕಲಿಸುವವರೂ ಇಲ್ಲ. ಸ್ಥಳೀಯರನ್ನೇ ತೆಗೆದುಕೊಳ್ಳಿ ಎಂಬ ಕೂಗು ಇಲ್ಲಿಂದ ಹುಟ್ಟುತ್ತದೆ. ಅದು ಹಳೆಯ ಪಕ್ಷಪಾತಕ್ಕೆ ಬಾಗಿಲು ತೆರೆಯುವ ಪರಿಹಾರ. ಅದಕ್ಕಿಂತ, ತಲೆಯಲ್ಲಿದ್ದ ತಿಳಿವಳಿಕೆಯನ್ನು ಕಾಗದಕ್ಕಿಳಿಸುವುದು ಮೇಲು: ಪ್ರತಿ ಶಾಖಾ ಕಚೇರಿಯಲ್ಲೂ ಬೀಟಿನ ಒಂದು ನಕ್ಷೆ, ಅದರಲ್ಲಿ ಸಂಕ, ನಾಯಿ, ಮೊಬೈಲ್ ಸಿಗ್ನಲ್ ಸಿಗದ ತಿರುವು, ಒಂಟಿ ಮನೆ, ಹತ್ತಿರದ ಆರೋಗ್ಯ ಕೇಂದ್ರ ಎಲ್ಲದರ ಗುರುತು. ಕೆಲಸ ಬಿಡುವವರು ಬರುವವರಿಗೆ ಠಸ್ಸೆ, ನಗದು ಒಪ್ಪಿಸಿ ಸಹಿ ಹಾಕಿಸಿಕೊಳ್ಳುವ ಹಾಗೆ ಈ ನಕ್ಷೆಯನ್ನೂ ಒಪ್ಪಿಸಬೇಕು. ಹೆಣ್ಣುಮಕ್ಕಳು ದುಡಿಯುವ ಶಾಖೆಗಳಲ್ಲಿ ಶೌಚಾಲಯ ಮತ್ತು ಬೀದಿಯಿಂದ ಕಾಣುವ ಕೌಂಟರ್ ಇರುವುದೂ ಸುರಕ್ಷತೆಯ ಭಾಗವೇ. ಖಾಸಗಿ ಮನೆಯ ಒಂದು ಮೂಲೆಯಲ್ಲಿ ನಡೆಯುವ ಕಚೇರಿಗಳಿಗೆ ಇವು ತಾನಾಗಿ ಒದಗುವುದಿಲ್ಲ.

ಇನ್ನು ಗ್ರಾಮಸ್ಥರ ಕಡೆಯ ಮಾತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಪೋಸ್ಟ್‌ಮ್ಯಾನ್ ನಡೆದಾಡುವ ಬ್ಯಾಂಕೂ ಆದ. ಬೆರಳಚ್ಚು ಪಡೆದು ಅಂಗಳದಲ್ಲೇ ನಗದು ಕೊಡುವ ಈ ಸೇವೆ 2020ರ ಲಾಕ್‌ಡೌನ್‌ನಲ್ಲಿ ಮುದುಕರಿಗೂ ವಿಧವೆಯರಿಗೂ ಜೀವ ಉಳಿಸುವಂಥ ನೆರವಾಯಿತು. ಆದರೆ ಯಾವ ದಿನ ಯಾವ ದಾರಿಯಲ್ಲಿ ಪಿಂಚಣಿಯ ಹಣ ಬರುತ್ತದೆ ಎಂದು ಊರಿಗೆಲ್ಲ ತಿಳಿದಿರುವಾಗ ಚೀಲವೇ ಕಳ್ಳನಿಗೆ ಆಹ್ವಾನ. ಬೆರಳೊತ್ತಿದ ಅಜ್ಜಿಗೆ ಪರದೆಯ ಮೇಲಿನ ಮೊತ್ತ ಓದಲು ಬಾರದಿದ್ದರೆ ಮೋಸಕ್ಕೆ ಅವಕಾಶ ಬಟವಾಡೆ ಮಾಡುವವನ ಕೈಯಲ್ಲೇ ಇದೆ. ಈ ಎರಡು ಅಪಾಯಗಳಿಗೆ ಮದ್ದು ಒಂದೇ: ಹಣದ ಬಟವಾಡೆ ನಾಲ್ಕು ಜನರೆದುರು, ಪಂಚಾಯಿತಿ ಕಟ್ಟೆಯಲ್ಲೋ ಅಂಗನವಾಡಿಯಲ್ಲೋ ನಡೆಯಲಿ, ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಲಿ, ರಸೀದಿ ಅಲ್ಲೇ ಕೈಗೆ ಬರಲಿ. ಹಾಸಿಗೆ ಹಿಡಿದವರಿಗೆ ಮಾತ್ರ ಮನೆ ಬಾಗಿಲಿಗೆ ಹೋಗಲಿ. ಉಳಿತಾಯದ ಹಣ ಕಟ್ಟುವವರು ಪಾಸ್‌ಬುಕ್ಕನ್ನು ಪೋಸ್ಟ್ ಮಾಸ್ಟರರ ಬಳಿಯೇ ಬಿಟ್ಟುಬರುವ ಅಭ್ಯಾಸ ಹಲವು ಊರುಗಳಲ್ಲಿದೆ. ನಂಬಿಕೆಯಿಂದ ಹುಟ್ಟಿದ ಈ ಅಭ್ಯಾಸವೇ ನಂಬಿಕೆದ್ರೋಹಕ್ಕೆ ದಾರಿ. ಪ್ರಾಮಾಣಿಕ ಪೋಸ್ಟ್ ಮಾಸ್ಟರಿಗೂ ಇದು ಅಪಾಯ, ಏಕೆಂದರೆ ಲೆಕ್ಕ ತಪ್ಪಿದ ದಿನ ಅವರ ಪರವಾಗಿ ಹೇಳುವ ಕಾಗದ ಇರುವುದಿಲ್ಲ.

ಸಿಬ್ಬಂದಿಯ ಮೈಯೂ ಗ್ರಾಮಸ್ಥರ ಟಪಾಲೂ ಒಂದೇ ದಾರದಲ್ಲಿ ಕಟ್ಟಿಕೊಂಡಿವೆ ಎಂಬುದಕ್ಕೆ ಒಡಿಶಾದ ಭದ್ರಕ್ ಜಿಲ್ಲೆಯ ಓಧಂಗಾ ಗ್ರಾಮ ಕಹಿಯಾದ ಸಾಕ್ಷ್ಯ. 2018ರಲ್ಲಿ ಅಲ್ಲಿಯ ಹಳೆಯ ಅಂಚೆ ಕಟ್ಟಡದ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳಿಗೆ ಚೀಲಗಳು ಸಿಕ್ಕವು. ಒಳಗೆ ಬಟವಾಡೆಯಾಗದ ಸುಮಾರು ಆರು ಸಾವಿರ ಟಪಾಲು. ಕೆಲವು 2004ರಷ್ಟು ಹಳೆಯವು. ಎಟಿಎಂ ಕಾರ್ಡು, ಪಾಸ್‌ಬುಕ್ಕುಗಳೂ ಅವುಗಳಲ್ಲಿದ್ದವು. ಹೊಣೆಗಾರನಾದ ಸಹಾಯಕ ಪೋಸ್ಟ್ ಮಾಸ್ಟರನ್ನು ಅಮಾನತು ಮಾಡಲಾಯಿತು. ತನಗೆ ವರ್ಷಗಳಿಂದ ಸರಿಯಾಗಿ ನಡೆಯಲು ಆಗುತ್ತಿರಲಿಲ್ಲ ಎಂಬುದು ಆತ ಕೊಟ್ಟ ಕಾರಣ ಎಂದು ಪತ್ರಿಕೆಗಳು ಬರೆದವು. ಆ ಕಾರಣ ನಿಜವಿರಲಿ, ನೆಪವಿರಲಿ, ಅಪರಾಧ ಅಪರಾಧವೇ. ಕೆಲಸಕ್ಕೆ ಕರೆಬಂದ ಯಾರೋ ಕಾಗದ ಸಿಗದೆ ಅವಕಾಶ ಕಳೆದುಕೊಂಡಿರಬಹುದು. ಆದರೆ ಕಾಲು ಕೆಟ್ಟ ಮನುಷ್ಯನ ಬೀಟನ್ನು ವರ್ಷಗಟ್ಟಲೆ ಯಾರೂ ನಡೆದು ನೋಡಲಿಲ್ಲ ಎಂಬುದೂ ಅಷ್ಟೇ ನಿಜ. ರಸೀದಿ ಬೇಕಾದ ನೋಂದಾಯಿತ ಟಪಾಲು ತಲುಪುತ್ತಿತ್ತು, ಬೇಡದ ಮಾಮೂಲಿ ಟಪಾಲು ಕೊಳೆಯಿತು ಎಂಬ ವರದಿಗಳು ಇನ್ನೊಂದನ್ನು ಹೇಳುತ್ತವೆ: ತಪಾಸಣೆ ಎಲ್ಲಿಯವರೆಗೆ ತಲುಪುತ್ತದೋ ಬಟವಾಡೆಯೂ ಅಲ್ಲಿಯವರೆಗೆ ಮಾತ್ರ ತಲುಪುತ್ತದೆ. 2025ರಲ್ಲಿ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ಸೇರಿಸಲಾಗಿದೆ, ಒಟಿಪಿ ಹೇಳಿ ಪಡೆಯುವ ಸೌಲಭ್ಯವೂ ಬಂದಿದೆ. ಮಾಮೂಲಿ ಕಾಗದಕ್ಕೆ ಅಂಥ ಕಾವಲು ಇಲ್ಲ.

ಇಷ್ಟೆಲ್ಲ ವ್ಯವಸ್ಥೆಗೆ ಕಾಗದಗಳೇ ಉಳಿದಿಲ್ಲವಲ್ಲ ಎಂಬುದು ಗಂಭೀರವಾದ ಆಕ್ಷೇಪ. ಮಾಮೂಲಿ ಪತ್ರಗಳು ಕಡಿಮೆಯಾಗಿವೆ, ನಿಜ. ಆದರೆ ಅವುಗಳ ಜಾಗದಲ್ಲಿ ಬಂದಿರುವ ಆಧಾರ್ ಮತ್ತು ಎಟಿಎಂ ಕಾರ್ಡು, ಕೋರ್ಟು ನೋಟಿಸು, ಔಷಧಿ, ಆನ್‌ಲೈನ್ ಪಾರ್ಸೆಲ್ಲುಗಳ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಸೈಕಲ್ ಭತ್ಯೆಯ ಕಾಲದ ಚೀಲದಲ್ಲಿ ಇವತ್ತು ಬೈಕಿನ ಹೊರೆ ಇದೆ. ಇನ್ನೊಂದು ಸಲಹೆ ಅಮೆರಿಕದ ಮಾದರಿಯದು: ಅಲ್ಲಿ ಹಳ್ಳಿಯ ಮನೆಯವರು ರಸ್ತೆಯ ಅಂಚಿಗೆ ಡಬ್ಬಿ ನಿಲ್ಲಿಸಬೇಕು, ಅದು ರಸ್ತೆಯ ಮಟ್ಟದಿಂದ 41ರಿಂದ 45 ಅಂಗುಲ ಎತ್ತರದಲ್ಲಿರಬೇಕು, ಪೋಸ್ಟ್‌ಮ್ಯಾನ್ ಗಾಡಿಯಿಂದ ಇಳಿಯದೆ ಹಾಕಿ ಹೋಗುತ್ತಾನೆ. ನಮ್ಮಲ್ಲಿ ಇದನ್ನು ಪೂರ್ತಿ ತಂದರೆ ಮುಖ್ಯ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಮುದುಕಿಗೆ ಅನ್ಯಾಯವಾಗುತ್ತದೆ ಎಂದು ವಿರೋಧಿಸುವವರ ಮಾತು ಸರಿ. ಸಹಿ ಬೇಕಾದದ್ದು ಕೈಗೇ ಹೋಗಲಿ, ಮಾಮೂಲಿ ಟಪಾಲಿಗೆ ತೋಟದ ಗೇಟಿನಲ್ಲಿ ಡಬ್ಬಿ ಇರಲಿ ಎಂಬ ನಡುದಾರಿ ಇಬ್ಬರಿಗೂ ಒಗ್ಗುತ್ತದೆ. ವಿಳಾಸದ ವಿಷಯದಲ್ಲೂ ಮನೆಯವರ ಪಾಲಿದೆ. 1972ರ ಪಿನ್‌ಕೋಡ್ ಊರಿನವರೆಗೆ ದಾರಿ ತೋರಿಸಿತು. 2025ರ ಮೇ ತಿಂಗಳಲ್ಲಿ ಬಂದ ಡಿಜಿಪಿನ್ ನಾಲ್ಕು ಮೀಟರಿನ ಚೌಕದವರೆಗೆ ತೋರಿಸುತ್ತದೆ. ಅಪರಿಚಿತ ದಾರಿಯಲ್ಲಿ ಅಲೆದಾಟ ಕಡಿಮೆಯಾದಷ್ಟೂ ಅಪಾಯ ಕಡಿಮೆ. ಪಾರ್ಸೆಲ್ ಗೋದಾಮಿನಲ್ಲಿದೆ, ಲಿಂಕ್ ಒತ್ತಿ ವಿಳಾಸ ಸರಿಪಡಿಸಿ ಎಂದು ಅಂಚೆಯ ಹೆಸರಿನಲ್ಲಿ ಬರುವ ಮೊಬೈಲ್ ಸಂದೇಶಗಳು ಮೋಸದವು ಎಂದು ಸರ್ಕಾರ ಎಚ್ಚರಿಸಿದೆ. ಹಳ್ಳಿಯಲ್ಲಿ ಆ ಮಾತನ್ನು ನಂಬುವಂತೆ ಹೇಳಬಲ್ಲವನು ಪರಿಚಯದ ಪೋಸ್ಟ್‌ಮ್ಯಾನ್ ಮಾತ್ರ.

ಅರೆಕಾಲಿಕ ಸೇವಕರಿಗೆ ಇಷ್ಟು ಹೊಣೆ ಹೊರಲಾಗದು ಎಂಬುದು ಇಲಾಖೆಯ ಬದಿಯಿಂದ ಬರಬಹುದಾದ ಕೊನೆಯ ವಾದ. ಅದಕ್ಕೆ ಇಲಾಖೆಯ ನಡೆಯೇ ಉತ್ತರ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹರಡಿದಾಗ, ಕರ್ತವ್ಯದಲ್ಲಿದ್ದು ಆ ರೋಗದಿಂದ ಸತ್ತ ಅಂಚೆಯವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಪ್ರಕಟಿಸಿತು; ಗ್ರಾಮೀಣ ಸೇವಕರನ್ನೂ ಹೆಸರಿಸಿ ಸೇರಿಸಿತು. ರೋಗದ ಮುಂದೆ ಕಾಯಂ, ಅರೆಕಾಲಿಕ ಎಂಬ ಗೆರೆ ಅಳಿಸಲು ಸಾಧ್ಯವಾದರೆ ಹಳ್ಳದ ಮುಂದೆ, ನಾಯಿಯ ಮುಂದೆಯೂ ಸಾಧ್ಯ. ಶಾಖಾ ಅಂಚೆ ಕಚೇರಿಗಳಿಗೆ ನಿರೀಕ್ಷಕರ ತಪಾಸಣೆ ಈಗಲೂ ನಡೆಯುತ್ತದೆ. ನಗದು, ಠಸ್ಸೆ, ಪಾಸ್‌ಬುಕ್ಕು, ದಿನವಹಿ ಎಲ್ಲವನ್ನೂ ನೋಡುತ್ತಾರೆ. ಆ ಪಟ್ಟಿಗೆ ಬೀಟಿನ ದಾರಿಯನ್ನು ಸೇರಿಸಿ, ಮಲೆನಾಡಿನಲ್ಲಿ ಜುಲೈ ತಿಂಗಳಲ್ಲೂ ಕಲಬುರಗಿಯ ಕಡೆ ಮೇ ತಿಂಗಳಲ್ಲೂ ನಿರೀಕ್ಷಕರೇ ಒಂದು ದಿನ ಆ ದಾರಿಯನ್ನು ನಡೆದು, ಕಂಡದ್ದನ್ನು ವರದಿಯಲ್ಲಿ ಬರೆಯಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇಲಾಖೆಯ ಒಂದು ಆದೇಶ ಸಾಕು.